ಸ್ಟ್ರೋಕ್ ಆಗಿ ಮಾತು ಹೋದವರ ಜೊತೆ ಮಾತಾಡುವುದು ಹೇಗೆ? ಮಲೆನಾಡಿನ ಮನೆಯವರಿಗೆ ಒಂದು ಮಾರ್ಗದರ್ಶಿ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಮೊದಲು ಕೇಳುವುದು ಕೈಕಾಲಿನ ವಿಷಯ. "ನಡೀತಾರಾ? ಕೈ ಎತ್ತುತ್ತಾರಾ?" ಮಾತಿನ ವಿಷಯ ಬಂದಾಗ ದನಿ ತಗ್ಗಿಸಿ, "ಪಾಪ, ಏನೂ ಗೊತ್ತಾಗಲ್ಲ ಅನ್ಸುತ್ತೆ" ಅಂತ ಅವರ ಎದುರಿಗೇ ಹೇಳಿಬಿಡುತ್ತಾರೆ. ಎಷ್ಟೋ ಸಲ ಆ ಮಾತು ಅವರಿಗೆ ಪೂರ್ತಿ ಅರ್ಥವಾಗಿರುತ್ತದೆ. ಉತ್ತರ ಕೊಡಲು ಮಾತ್ರ ಆಗುವುದಿಲ್ಲ.

ಇದಕ್ಕೆ ವೈದ್ಯರು ಅಫೇಸಿಯಾ ಅನ್ನುತ್ತಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಶುರುವಿನ ದಿನಗಳಲ್ಲಿ ಇದು ಇರುತ್ತದೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದ ನಮ್ಮ ದೊಡ್ಡಪ್ಪನಿಗೂ ಆಯಿತು. ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟದ್ದು, ಓದಿ ತಿಳಿದದ್ದು, ಅವರ ಜೊತೆಗಿದ್ದು ನೋಡಿ ಕಲಿತದ್ದು ಎಲ್ಲ ಸೇರಿಸಿ ಇದನ್ನು ಬರೆದಿದ್ದೇನೆ. ವೈದ್ಯರ ಸಲಹೆಗೆ ಇದು ಬದಲಿ ಅಲ್ಲ. ಆದರೆ ವೈದ್ಯರು ತಿಂಗಳಿಗೊಮ್ಮೆ ಹತ್ತು ನಿಮಿಷ ಸಿಗುತ್ತಾರೆ. ಉಳಿದ ಹೊತ್ತೆಲ್ಲ ಅವರ ಜೊತೆ ಇರುವವರು ನೀವೇ.

ಮೊದಲ ಹೆಜ್ಜೆ: ಮಾತು ತೊದಲಿದ ಕೂಡಲೇ ಹೊರಡಿ

ಕೈಕಾಲು ಬಿದ್ದರೆ ಮಾತ್ರ ಸ್ಟ್ರೋಕ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬರೀ ಮಾತು ಕೆಟ್ಟರೂ ಸ್ಟ್ರೋಕ್ ಇರಬಹುದು. ಚೆನ್ನಾಗಿದ್ದವರು ಇದ್ದಕ್ಕಿದ್ದ ಹಾಗೆ ಪದ ಸಿಗದೆ ಒದ್ದಾಡಿದರೆ, ಅರ್ಥವಿಲ್ಲದ ಮಾತು ಆಡಿದರೆ, ನಾವು ಹೇಳಿದ್ದು ತಿಳಿಯದೆ ಕಣ್ಣು ಕಣ್ಣು ಬಿಟ್ಟರೆ, ಬಾಯಿ ಒಂದು ಕಡೆ ವಾಲಿದರೆ 108ಕ್ಕೆ ಫೋನ್ ಮಾಡಿ. ಅದು ಬರುವುದು ತಡ ಅನ್ನಿಸಿದರೆ ಪಕ್ಕದ ಮನೆಯವರ ಜೀಪೋ ಕಾರೋ ಹತ್ತಿಸಿ. ಬೆಳಗಾಗಲಿ, ಮಳೆ ಬಿಡಲಿ ಅಂತ ಕಾಯಬೇಡಿ.

ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ 4.5 ಗಂಟೆಯ ಒಳಗೆ ಕೊಡಬೇಕು. ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದ್ದರೆ ತೊಡೆಯ ಹತ್ತಿರದಿಂದ ಸಣ್ಣ ಕೊಳವೆ ಹಾಕಿ ಗಡ್ಡೆ ತೆಗೆಯುವ ಚಿಕಿತ್ಸೆಯೂ ಇದೆ. ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು. ಆಗುಂಬೆ, ಹೊಸನಗರದ ಒಳಹಳ್ಳಿಗಳಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೆ ಗೊತ್ತಿದೆ. ಅದಕ್ಕೇ ದಾರಿಯಲ್ಲಿ ಸಣ್ಣ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಕೂರುವ ಬದಲು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ವಿಚಾರಿಸಿ ನೇರ ಅಲ್ಲಿಗೇ ಹೋಗಿ.

ಹೊರಡುವಾಗ ಮೂರು ವಿಷಯ ಗಮನದಲ್ಲಿರಲಿ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಾತ್ರಿ ಮಲಗುವಾಗ ಸರಿಯಿದ್ದು ಬೆಳಗ್ಗೆ ಹೀಗಾಗಿದ್ದರೆ ಮಲಗಿದ ಹೊತ್ತನ್ನೇ ಹೇಳಬೇಕು. ಬಾಯಿಗೆ ನೀರು, ಕಾಫಿ, ಕಷಾಯ ಏನೂ ಹಾಕಬೇಡಿ. ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನು ಆಸ್ಪಿರಿನ್ ಮಾತ್ರೆ. ಯಾರೋ ಹೇಳಿದರು ಅಂತ ಅದನ್ನು ಕೊಡಬೇಡಿ. ರಕ್ತನಾಳ ಒಡೆದು ಆದ ಸ್ಟ್ರೋಕ್ ಆಗಿದ್ದರೆ ಅದು ಅಪಾಯ. ಯಾವುದು ಅಂತ ಸ್ಕ್ಯಾನ್ ಆಗದೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೇ ಹೆಜ್ಜೆ: ಆಗಿರುವುದೇನು ಅಂತ ಸರಿಯಾಗಿ ತಿಳಿದುಕೊಳ್ಳಿ

ಬಲಗೈ ಬಳಸುವವರಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಭಾಷೆಯ ಮುಖ್ಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಎಡಗೈಯವರಲ್ಲೂ ಹೆಚ್ಚಿನವರಿಗೆ ಹಾಗೆಯೇ. ಮಿದುಳಿನ ಎಡಭಾಗವೇ ದೇಹದ ಬಲಭಾಗವನ್ನು ನಡೆಸುವುದು. ಬಲಗೈ ಬಲಗಾಲು ಸೋತವರಿಗೆ ಮಾತೂ ಹೋಗುವುದು ಇದಕ್ಕೇ.

1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯರು ಒಬ್ಬ ರೋಗಿಯನ್ನು ನೋಡಿದರು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು "ತಾನ್" ಅನ್ನುವ ಒಂದೇ ಸದ್ದು. ಅವನು ತೀರಿಕೊಂಡ ಮೇಲೆ ಪರೀಕ್ಷಿಸಿದರೆ ಮಿದುಳಿನ ಎಡಗಡೆ ಮುಂಭಾಗ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಇನ್ನೊಂದು ಬಗೆಯ ರೋಗಿಗಳ ಬಗ್ಗೆ ಬರೆದರು. ಇವರು ಧಾರಾಳವಾಗಿ ಮಾತಾಡುತ್ತಿದ್ದರು, ಆದರೆ ಮಾತಿಗೆ ಅರ್ಥ ಇರುತ್ತಿರಲಿಲ್ಲ. ಬೇರೆಯವರು ಹೇಳಿದ್ದೂ ತಿಳಿಯುತ್ತಿರಲಿಲ್ಲ. ಹಾನಿಯಾಗಿದ್ದದ್ದು ಎಡಗಡೆಯೇ, ಆದರೆ ಸ್ವಲ್ಪ ಹಿಂದೆ, ಕಿವಿಯ ಹತ್ತಿರ.

ನಮ್ಮ ಕಡೆ ಮಾತು ನಿಂತರೆ ಬಜೆ ತೇಯ್ದು ನಾಲಿಗೆಗೆ ಹಚ್ಚುವುದಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಇಲ್ಲಿ ನಾಲಿಗೆಯದು ತಪ್ಪಿಲ್ಲ. ಹುಟ್ಟಿನಿಂದ ಕಿವಿ ಕೇಳದೆ ಕೈ ಸನ್ನೆಯ ಭಾಷೆಯಲ್ಲೇ ಬೆಳೆದವರಿಗೆ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಅವರ ಸನ್ನೆ ಭಾಷೆ ಕೆಡುತ್ತದೆ. ಅವರು ನಾಲಿಗೆಯನ್ನೇ ಬಳಸುವುದಿಲ್ಲ, ಅಲ್ವಾ? ಕೆಟ್ಟಿರುವುದು ಮಿದುಳಿನಲ್ಲಿ ಭಾಷೆ ನಡೆಸುವ ಜಾಗ. ಅದಕ್ಕೇ ಎಷ್ಟೋ ಜನರಿಗೆ ಮಾತಿನ ಜೊತೆ ಓದು, ಬರಹ, ಲೆಕ್ಕವೂ ಕಷ್ಟವಾಗುತ್ತದೆ. ನುಂಗಲು ತೊಂದರೆ ಇರುವವರ ಬಾಯಿಗೆ ಏನನ್ನಾದರೂ ತೇಯ್ದು ಹಾಕುವುದು ಅಪಾಯವೂ ಹೌದು.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಕೆಲವರ ಮಾತು ತೊದಲುತ್ತದೆ, ಆದರೆ ಪದಗಳೆಲ್ಲ ಸರಿಯಾಗಿರುತ್ತವೆ. ಬರೆಯಲು ಕೊಟ್ಟರೆ ಸರಿಯಾಗಿ ಬರೆಯುತ್ತಾರೆ. ಅದು ಬಾಯಿಯ ಸ್ನಾಯುಗಳ ತೊಂದರೆ, ಅಫೇಸಿಯಾ ಅಲ್ಲ. ಅದಕ್ಕೆ ಅಭ್ಯಾಸವೂ ಬೇರೆ.

ಮೂರನೇ ಹೆಜ್ಜೆ: ಏನು ಉಳಿದಿದೆ ಅಂತ ಹುಡುಕಿ

ಅಫೇಸಿಯಾ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಒಬ್ಬರಿಗೆ ಅರ್ಥವಾಗುತ್ತದೆ, ಮಾತು ಮಾತ್ರ ತುಂಡು ತುಂಡು: "ನಾಳೆ... ತೋಟ... ಆಳು." ಪ್ರತ್ಯಯಗಳು ಉದುರಿಹೋಗುತ್ತವೆ, ಕ್ರಿಯಾಪದ ಸಿಗುವುದಿಲ್ಲ. ಇನ್ನೊಬ್ಬರು ಸರಾಗವಾಗಿ ಮಾತಾಡುತ್ತಾರೆ, ಆದರೆ ಪದಗಳು ಅದಲುಬದಲು. ತಟ್ಟೆ ಅನ್ನಲು ಹೋಗಿ ಚಮಚ ಅನ್ನುತ್ತಾರೆ. ಅಡಿಕೆ ಅನ್ನುವುದು "ಅಕಡಿ" ಆಗುತ್ತದೆ. ಕೆಲವೊಮ್ಮೆ ಯಾವ ಭಾಷೆಯಲ್ಲೂ ಇಲ್ಲದ ಪದ ಬರುತ್ತದೆ. ಇಂಥವರಿಗೆ ಕೈಕಾಲು ಚೆನ್ನಾಗಿಯೇ ಇರಬಹುದು. ಹಾಗಾಗಿ ಊರವರು ತಲೆ ಕೆಟ್ಟಿದೆ ಅಂದುಬಿಡುತ್ತಾರೆ. ಮೂರನೆಯವರಿಗೆ ಎಲ್ಲ ಸರಿ, ಹೆಸರುಗಳು ಮಾತ್ರ ನೆನಪಿಗೆ ಬರುವುದಿಲ್ಲ. ಹಾನಿ ದೊಡ್ಡದಾಗಿದ್ದರೆ ಮಾತಾಡುವುದು, ಅರ್ಥ ಮಾಡಿಕೊಳ್ಳುವುದು ಎರಡೂ ಕಡಿಮೆಯಾಗಿರುತ್ತವೆ.

ಬೆಳಗಿನ ಹೊತ್ತು, ಆಯಾಸ ಇಲ್ಲದಿರುವಾಗ ಎದುರು ಕೂತು ನೋಡಿ. ಮುಂದೆ ಕನ್ನಡಕ, ಕೀಲಿಕೈ, ಲೋಟ ಇಟ್ಟು "ಕೀಲಿಕೈ ತೋರಿಸಿ" ಅನ್ನಿ. ಹೇಳುವಾಗ ಅದರ ಕಡೆ ನೋಡಬೇಡಿ. ಮನೆಯವರ ಕಣ್ಣು ಹೋದ ಕಡೆ ಅವರ ಕೈ ಹೋಗುತ್ತದೆ, ನಾವು ಅರ್ಥವಾಯಿತು ಅಂದುಕೊಳ್ಳುತ್ತೇವೆ. ಆಮೇಲೆ ಹೆಸರು ಹೇಳಿಸಿ. ನೀವು ಹೇಳಿದ್ದನ್ನು ತಿರುಗಿ ಹೇಳಲು ಬರುತ್ತದಾ ನೋಡಿ. ದೊಡ್ಡ ಅಕ್ಷರದಲ್ಲಿ ಅವರದೇ ಹೆಸರು, ಊರಿನ ಹೆಸರು ಬರೆದು ತೋರಿಸಿ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಥೆರಪಿಸ್ಟ್ ಹತ್ತಿರ ಹೋದಾಗ ಈ ಪುಸ್ತಕ ತುಂಬಾ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಚಿತ್ರ ಕಾಣುತ್ತೀರಿ. ಒಂದು, ಎರಡು, ಮೂರು ಸಲೀಸಾಗಿ ಬರುತ್ತದೆ. ಸೋಮವಾರ, ಮಂಗಳವಾರ ಬರುತ್ತದೆ. ಭಜನೆ ಬರುತ್ತದೆ. ಸಿಟ್ಟು ಬಂದರೆ ಬೈಗುಳವೂ ಸ್ಪಷ್ಟವಾಗಿ ಬರುತ್ತದೆ. "ಬೈಯೋಕೆ ಬರುತ್ತೆ, ನೀರು ಕೇಳೋಕೆ ಬರಲ್ವಾ?" ಅಂತ ಮನೆಯವರಿಗೆ ಸಂಶಯ. ಅವರು ನಾಟಕ ಮಾಡುತ್ತಿಲ್ಲ. ಬಾಯಿಪಾಠವಾಗಿ ತಾನಾಗೇ ಬರುವ ಮಾತಿಗೂ, ಯೋಚಿಸಿ ಪದ ಆರಿಸಿ ಆಡುವ ಮಾತಿಗೂ ಮಿದುಳು ಬಳಸುವ ದಾರಿ ಬೇರೆ.

ನಾಲ್ಕನೇ ಹೆಜ್ಜೆ: ಹೌದು, ಇಲ್ಲ – ಇವೆರಡನ್ನು ಮೊದಲು ಗಟ್ಟಿ ಮಾಡಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಅಫೇಸಿಯಾ ಇರುವವರು ಬೇಡ ಅನ್ನಬೇಕಾದಲ್ಲಿ ಹೌದು ಅಂದುಬಿಡುವುದು ಜಾಸ್ತಿ. ನಮ್ಮಲ್ಲಿ ತಲೆ ಆಡಿಸುವ ರೀತಿಯೂ ಹಾಗೆಯೇ ಇದೆ. ಹೌದೋ ಅಲ್ಲವೋ ಮನೆಯವರಿಗೇ ತಿಳಿಯುವುದಿಲ್ಲ. ಆದ್ದರಿಂದ ಕೈಯಲ್ಲಿ ಒಂದು ಗುರುತು ಮಾಡಿಕೊಳ್ಳಿ. ಹೆಬ್ಬೆರಳು ಮೇಲೆ ಮಾಡಿದರೆ ಹೌದು. ಅಂಗೈ ಅಡ್ಡ ಆಡಿಸಿದರೆ ಇಲ್ಲ. ಒಂದು ಕಾರ್ಡಿನಲ್ಲಿ ಹಸಿರು ಸರಿ ಗುರುತು, ಇನ್ನೊಂದರಲ್ಲಿ ಕೆಂಪು ಅಡ್ಡ ಗೀಟು ಬರೆದು ಮಂಚದ ಹತ್ತಿರ ಇಡಿ. ಮನೆಯವರೆಲ್ಲರೂ, ಕೆಲಸದವರೂ ಇದೇ ಗುರುತು ಬಳಸಬೇಕು.

ಆಮೇಲೆ ಉತ್ತರ ನಿಮಗೆ ಗೊತ್ತಿರುವ ಪ್ರಶ್ನೆ ಕೇಳಿ ಪರೀಕ್ಷಿಸಿ. "ಇದು ಶಿವಮೊಗ್ಗನಾ?" "ನಿಮಗೆ ಮೂರು ಜನ ಮಕ್ಕಳಾ?" ಸರಿ ತಪ್ಪು ಬೆರೆಸಿ ಒಂದು ಹತ್ತು ಪ್ರಶ್ನೆ ಕೇಳಿ. ಎಂಟು ಒಂಬತ್ತು ಸರಿ ಬಂದರೆ ಅವರ ಹೌದು ಇಲ್ಲ ನಂಬಬಹುದು. ಅರ್ಧಕ್ಕರ್ಧ ತಪ್ಪಿದರೆ ದೊಡ್ಡ ವಿಷಯಗಳಲ್ಲಿ ಬರೀ ತಲೆಯಾಡಿಸಿದ್ದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ವಸ್ತುವನ್ನೇ ತಂದು ಮುಂದೆ ಹಿಡಿದು ಕೇಳಿ.

ಪ್ರಶ್ನೆ ಕೇಳುವ ರೀತಿಯಲ್ಲೂ ನಾವು ಬದಲಾಗಬೇಕು. "ಊಟ ಬೇಡ್ವಾ?" ಅಂದಾಗ ಹೌದು ಅಂದರೆ ಬೇಕು ಅಂತಲೋ ಬೇಡ ಅಂತಲೋ? "ನೋವಿಲ್ಲ ಅಲ್ವಾ?" ಕೂಡ ಹಾಗೇ. "ಊಟ ಬೇಕಾ?" "ನೋವಿದೆಯಾ?" ಅಂತ ನೇರ ಕೇಳಿ. ಉತ್ತರ ಬಂದಮೇಲೆ ತಿರುಗಿಸಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. "ಹಾಗಾದ್ರೆ ಆಮೇಲೆ ಊಟ ಮಾಡ್ತೀರಾ?"

ಐದನೇ ಹೆಜ್ಜೆ: ನಿಮ್ಮ ಮಾತಿನ ರೀತಿ ಬದಲಿಸಿ

ಸದ್ದು ಕಡಿಮೆ ಮಾಡಿ. ಟಿವಿ ಆರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಕಿವಿ ಚೆನ್ನಾಗಿರುವವರಿಗೇ ಏನೂ ಕೇಳುವುದಿಲ್ಲ. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ. ಕನ್ನಡಕ, ಕಿವಿಗೆ ಹಾಕುವ ಮಿಷನ್ ಮೊದಲು ಇದ್ದರೆ ಅದನ್ನು ಹಾಕಿಸಿ. ಅವರ ಎದುರಿಗೆ, ಮುಖ ಕಾಣುವ ಹಾಗೆ ಕೂರಿ.

ಕಿರುಚಬೇಡಿ. ಕಿವಿ ಕೇಳುತ್ತದೆ. ಮಗುವಿನ ಜೊತೆ ಮಾತಾಡುವ ಹಾಗೆ ರಾಗ ಎಳೆಯಲೂ ಬೇಡಿ. ಸಾಮಾನ್ಯ ದನಿಯಲ್ಲಿ, ಸ್ವಲ್ಪ ನಿಧಾನವಾಗಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. "ಇವತ್ತು ಬಿಸಿಲಿದೆ, ಸ್ನಾನ ಮಾಡಿ ತಿಂಡಿ ತಿಂದು ಹನ್ನೊಂದಕ್ಕೆ ಡಾಕ್ಟರ ಹತ್ರ ಹೋಗೋಣ, ಭಾವ ಕಾರು ತರ್ತಾರೆ" ಅಂದರೆ ಯಾವುದೂ ತಲೆಗೆ ಹೋಗುವುದಿಲ್ಲ. "ಇವತ್ತು ಡಾಕ್ಟರ ಹತ್ರ ಹೋಗೋಣ." ನಿಲ್ಲಿಸಿ. ಗಡಿಯಾರ ತೋರಿಸಿ. "ಹನ್ನೊಂದು ಗಂಟೆಗೆ." ನಿಲ್ಲಿಸಿ.

ಆಮೇಲೆ ಕಾಯಿರಿ. ಇದು ಹೇಳಿದಷ್ಟು ಸುಲಭ ಅಲ್ಲ. ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರಲ್ಲಿ ನೀವು ಮಧ್ಯೆ ಮಾತು ಹಾಕಿದರೆ ಅವರು ಹುಡುಕುತ್ತಿದ್ದ ಪದ ಮತ್ತೆ ತಪ್ಪಿಹೋಗುತ್ತದೆ. ತಪ್ಪು ಪದ ಬಂದರೂ ವಿಷಯ ತಿಳಿದಿದ್ದರೆ ತಿದ್ದಬೇಡಿ, ಮುಂದೆ ಹೋಗಿ. ತಿಳಿಯದಿದ್ದರೆ ತಿಳಿದ ಹಾಗೆ ನಟಿಸಬೇಡಿ. "ನಿಮಗೆ ಗೊತ್ತಿದೆ, ನನಗೇ ತಿಳೀತಿಲ್ಲ. ಇನ್ನೊಂದು ಸಲ ನೋಡೋಣ" ಅನ್ನಿ. ಈ ಒಂದು ಮಾತಿನಿಂದ ಅವರ ಮುಖ ಎಷ್ಟು ಹಗುರಾಗುತ್ತದೆ ಅಂತ ನೀವೇ ನೋಡುತ್ತೀರಿ.

ದೊಡ್ಡಪ್ಪ ಒಂದು ಮಳೆಗಾಲದಲ್ಲಿ ಬೆಳಗ್ಗೆಯಿಂದ "ಮಜ್ಜಿಗೆ, ಮಜ್ಜಿಗೆ" ಅನ್ನುತ್ತಿದ್ದರು. ದೊಡ್ಡಮ್ಮ ಲೋಟದಲ್ಲಿ ಮಜ್ಜಿಗೆ ತಂದರೆ ಎಡಗೈಯಲ್ಲಿ ದೂಡಿದರು. ಉಪ್ಪು ಹಾಕಿ ತಂದರೂ ದೂಡಿದರು. ಕೊನೆಗೆ ಒಂದು ಹಾಳೆಯಲ್ಲಿ "ಮನೆ, ತೋಟ, ಊಟ, ಆರೋಗ್ಯ" ಅಂತ ದೊಡ್ಡದಾಗಿ ಬರೆದು ಮುಂದಿಟ್ಟೆವು. ಅವರ ಬೆರಳು ತೋಟದ ಮೇಲೆ ಬಂತು. ಅದರ ಕೆಳಗೆ "ನೀರು, ಆಳು, ಔಷಧಿ" ಅಂತ ಬರೆದೆವು. ಔಷಧಿಯ ಮೇಲೆ ಎರಡು ಸಲ ಕುಟ್ಟಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ಕೈ ಮಾಡಿದರು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಮೊದಲ ಸಲ ಹೊಡೆಸಿದ ದಿನಕ್ಕೆ ಅಲ್ಲಿ ಸುತ್ತು ಹಾಕಿತ್ತು. ಆ ಔಷಧಿ ಅಂದರೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ. ಅದನ್ನು 40–45 ದಿನಕ್ಕೆ ಮತ್ತೆ ಹೊಡೆಯಬೇಕು, ಆ ದಿನ ಬಂದಿತ್ತು. ಅವರು ಹೇಳಬೇಕು ಅಂತಿದ್ದದ್ದು ಸುಣ್ಣ ತರಿಸಿ ಅಂತ. ಬಾಯಿಗೆ ಬಂದದ್ದು ಮಜ್ಜಿಗೆ, ಅದೂ ಬೆಳ್ಳಗೇ ಇರುವ ವಸ್ತು. ಮೈಲುತುತ್ತ ಮನೆಯಲ್ಲಿತ್ತು, ಸುಣ್ಣ ಖಾಲಿಯಾಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅದು ನೆನಪಿರಲಿಲ್ಲ.

ಆ ಹಾಳೆಯ ಕ್ರಮ ನೀವೂ ಬಳಸಿ. ಮೊದಲು ದೊಡ್ಡ ಗುಂಪು: ಮನುಷ್ಯರಾ, ಜಾಗನಾ, ವಸ್ತುನಾ, ನೋವಾ? ಅದು ಸಿಕ್ಕಮೇಲೆ ಅದರೊಳಗಿನ ಸಣ್ಣ ಗುಂಪು. ಒಂದು ಸಲಕ್ಕೆ ಮೂರು ನಾಲ್ಕಕ್ಕಿಂತ ಜಾಸ್ತಿ ಬರೆಯಬೇಡಿ. ಓದಲು ಆಗದವರಿಗೆ ಚಿತ್ರ ಬರೆಯಿರಿ, ಇಲ್ಲವೇ ಫೋನಿನಲ್ಲಿ ಫೋಟೋ ತೋರಿಸಿ. ಅವರೂ ಬೆರಳು ಮಾಡಲಿ, ಚಿತ್ರ ಬರೆಯಲಿ, ಸನ್ನೆ ಮಾಡಲಿ. ಸನ್ನೆಗೆ ಬಿಟ್ಟರೆ ಮಾತು ಬರುವುದಿಲ್ಲ ಅಂತ ಕೆಲವರು ತಡೆಯುತ್ತಾರೆ. ತಡೆಯಬೇಡಿ. ದಿನದ ವ್ಯವಹಾರ ನಡೆಯಬೇಕಲ್ಲ.

ಆರನೇ ಹೆಜ್ಜೆ: ಪದ ಹುಡುಕುವ ಅಭ್ಯಾಸ

ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನಾ ಎರಡು ಸಲ ಇಪ್ಪತ್ತು ನಿಮಿಷ ಒಳ್ಳೆಯದು. ಸುಸ್ತಾದರೆ ನಿಲ್ಲಿಸಿ. ಸುಸ್ತಾದಾಗ ಬರುವ ಪದವೂ ಬರುವುದಿಲ್ಲ.

ದಯವಿಟ್ಟು ಮಕ್ಕಳ ಅಕ್ಷರಮಾಲೆ ಚಾರ್ಟ್ ತಂದು ಗೋಡೆಗೆ ಹಾಕಬೇಡಿ. ಐವತ್ತು ವರ್ಷ ಸಂಸಾರ, ತೋಟ, ಊರ ಪಂಚಾಯ್ತಿ ನೋಡಿದವರ ಎದುರು "ಅ, ಆ, ಇ" ಹೇಳಿಸಿದರೆ ಅವರಿಗೆ ಆಗುವ ನೋವು ನಮಗೆ ಕಾಣುವುದಿಲ್ಲ. ಅದರಿಂದ ಪ್ರಯೋಜನವೂ ಕಡಿಮೆ. ಬಾಯಿಪಾಠದ ಸಾಲು ತಾನಾಗೇ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ.

ಅದರ ಬದಲು ಅವರ ಬದುಕಿನ ಪದಗಳಿಂದಲೇ ಶುರು ಮಾಡಿ. ಮನೆಯವರ ಹೆಸರು, ದಿನಾ ತಿನ್ನುವ ಕಡುಬು, ಅಕ್ಕಿ ರೊಟ್ಟಿ, ತಂಬುಳಿ, ಕೆಲಸದ ವಸ್ತುಗಳು, ಊರುಗಳು – ಹೀಗೆ ಒಂದು ಮೂವತ್ತು ಪದ ಸಾಕು. ಪ್ರತಿಯೊಂದರ ಫೋಟೋ ತೆಗೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಒಂದು ಆಲ್ಬಂ ಮಾಡಿ.

ಈಗ ಮೆಟ್ಟುಗತ್ತಿಯ ಫೋಟೋ ತೋರಿಸಿದಿರಿ ಅಂದುಕೊಳ್ಳಿ. ಹೆಸರು ಬರಲಿಲ್ಲ. ಕೂಡಲೇ ಹೇಳಿಕೊಡಬೇಡಿ. ಅದರ ಸುತ್ತ ಕೇಳಿ. ಇದು ತಿನ್ನುವುದಾ, ಕೆಲಸದ ವಸ್ತುವಾ? ಏನು ಮಾಡುತ್ತಾರೆ ಇದರಲ್ಲಿ? ಅಡಿಕೆ ಸುಲಿಯುತ್ತಾರೆ. ಹೇಗಿದೆ? ಹರಿತ, ಕೆಳಗೆ ಮರದ ಹಲಗೆ. ಎಲ್ಲಿರುತ್ತದೆ? ಯಾರು ಕೂರುತ್ತಾರೆ ಅದರ ಮೇಲೆ? ಹೀಗೆ ಸುತ್ತಲಿನ ನೆನಪು ಎದ್ದಂತೆ ಪದವೂ ಮೇಲೆ ಬರುವ ಸಾಧ್ಯತೆ ಜಾಸ್ತಿ. ಥೆರಪಿಸ್ಟರು ಮಾಡಿಸುವ ಅಭ್ಯಾಸಗಳಲ್ಲಿ ಇದು ಮುಖ್ಯವಾದದ್ದು. ಆಗಲೂ ಬರದಿದ್ದರೆ ವಾಕ್ಯ ಅರ್ಧಕ್ಕೆ ನಿಲ್ಲಿಸಿ: "ಅಡಿಕೆ ಸುಲಿಯೋಕೆ ಬೇಕು..." ಆಮೇಲೆ ಮೊದಲ ಅಕ್ಷರ: "ಮೆ..." ಅದಕ್ಕೂ ಬರದಿದ್ದರೆ ಪೂರ್ತಿ ಹೇಳಿ, ಒಟ್ಟಿಗೆ ಎರಡು ಸಲ ಹೇಳಿ, ಮುಂದಿನ ಫೋಟೋಕ್ಕೆ ಹೋಗಿ. ಇದು ಪರೀಕ್ಷೆ ಆಗಬಾರದು.

ಓದುವ ಅಭ್ಯಾಸಕ್ಕೆ ಪೇಪರಿನ ಅಡಿಕೆ ಧಾರಣೆಗಿಂತ ಒಳ್ಳೆಯ ಪಾಠ ನಮ್ಮ ಕಡೆ ಇನ್ನೊಂದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳ ಹೆಸರು – ನಾಲ್ಕೇ ಪದ, ದಿನಾ ಅವೇ. ಪಕ್ಕದಲ್ಲಿ ಅಂಕಿ. ನಿನ್ನೆಗಿಂತ ಏರಿದೆಯಾ ಇಳಿದಿದೆಯಾ ಅಂತ ಬೆರಳು ಮಾಡಿ ತೋರಿಸಲಿ. ಕೃಷಿ ಇಲ್ಲದ ಮನೆಯವರು ಬಸ್ಸಿನ ವೇಳೆ, ಕ್ರಿಕೆಟ್ ಸ್ಕೋರು, ಮದುವೆ ಕಾಗದ ಏನಾದರೂ ತೆಗೆದುಕೊಳ್ಳಿ. ಬಲಗೈ ಸೋತಿದ್ದರೆ ಎಡಗೈಯಲ್ಲಿ ಬರೆಯಲಿ. ಮೊದಲು ಹೆಸರು, ಆಮೇಲೆ ಸಹಿ.

ಹಾಡಿನ ವಿಷಯ. ಮಾತು ಬಾರದವರು ಹಾಡುವುದನ್ನು ನೋಡಿಯೇ ಅಮೆರಿಕದ ಸಂಶೋಧಕರು 1973ರಲ್ಲಿ ರಾಗದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆ ರೂಪಿಸಿದರು. ದಿನಬಳಕೆಯ ಸಣ್ಣ ವಾಕ್ಯವನ್ನು ಎರಡೇ ಸ್ವರದಲ್ಲಿ, ಎಡಗೈಯಲ್ಲಿ ತಾಳ ಹಾಕುತ್ತಾ ಹೇಳಿಸುವುದು. "ನೀ-ರು ಬೇ-ಕು." ಮೊದಲು ಒಟ್ಟಿಗೆ, ಆಮೇಲೆ ನಿಮ್ಮ ದನಿ ತಗ್ಗಿಸುತ್ತಾ ಹೋಗಿ, ಕೊನೆಗೆ ರಾಗ ಬಿಟ್ಟು ಬರೀ ಮಾತು. ಅರ್ಥವಾಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ ಅನ್ನುವವರಿಗೆ ಇದು ಹೊಂದುತ್ತದೆ. ಭಜನೆ ಹಾಡಿದರೆ ಮನಸ್ಸಿಗೆ ಹಿತ, ಹಾಡಲಿ. ಆದರೆ ಭಜನೆ ಬಂತು ಅಂದಮಾತ್ರಕ್ಕೆ ನೀರು ಕೇಳುವುದು ಬರುವುದಿಲ್ಲ. ಬೇಕಾದ ವಾಕ್ಯವನ್ನೇ ಅಭ್ಯಾಸ ಮಾಡಿಸಬೇಕು.

ಏಳನೇ ಹೆಜ್ಜೆ: ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ, ಮನೆಮಾತಿನಲ್ಲೇ ಕಲಿಸಲು ಕೇಳಿ

ಡಿಸ್ಚಾರ್ಜ್ ಆಗುವಾಗ ಫಿಸಿಯೋಥೆರಪಿ ಬರೆದುಕೊಡುತ್ತಾರೆ, ಮಾತಿನ ಥೆರಪಿ ಎಷ್ಟೋ ಸಲ ಬಿಟ್ಟುಹೋಗುತ್ತದೆ. ನೀವೇ ಕೇಳಿ ಬರೆಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೇ ತಜ್ಞರಿದ್ದಾರೆ. ಅಫೇಸಿಯಾ ಅಳೆಯುವ ಪರೀಕ್ಷೆಯನ್ನು ಅಲ್ಲಿ ಕನ್ನಡಕ್ಕೆ ಹೊಂದಿಸಿ ಬಳಸುತ್ತಾರೆ. ತಾಳಗುಪ್ಪ–ಮೈಸೂರು ರೈಲು ಸಾಗರ, ಶಿವಮೊಗ್ಗ, ಭದ್ರಾವತಿ ಮೇಲೆಯೇ ಹೋಗುತ್ತದೆ. ಗಾಲಿಕುರ್ಚಿಯವರಿಗೆ ಬಸ್ಸಿಗಿಂತ ಅದು ವಾಸಿ. ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಅಭ್ಯಾಸ ಬರೆಸಿಕೊಂಡು ಬಂದು, ಮುಂದೆ ಹತ್ತಿರದ ಥೆರಪಿಸ್ಟ್ ಹತ್ತಿರ ಮುಂದುವರಿಸಬಹುದು. ವಿಡಿಯೋ ಕಾಲ್ ಮೇಲೆ ನೋಡುತ್ತಾರಾ ಅಂತಲೂ ಕೇಳಿ.

ಮಲೆನಾಡಿನಲ್ಲಿ ಮನೆಯೊಳಗೆ ಒಂದು ಮಾತು, ಪೇಟೆಯಲ್ಲಿ ಒಂದು ಮಾತು. ಹವ್ಯಕ ಕನ್ನಡ, ತುಳು, ಕೊಂಕಣಿ, ಉರ್ದು, ಲಂಬಾಣಿ, ತಮಿಳು. ಎರಡು ಮೂರು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದರೆ ಹೆಚ್ಚಾಗಿ ಎಲ್ಲ ಭಾಷೆಗಳೂ ಒಟ್ಟಿಗೇ ಸುಧಾರಿಸುತ್ತವೆ. ಕೆಲವರಿಗೆ ಒಂದು ಮೊದಲು ಬರುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಯಾವುದು ಬರುತ್ತದೋ ಅದರಲ್ಲಿ ಮಾತಾಡಿ. ಥೆರಪಿಸ್ಟರಿಗೆ ನಿಮ್ಮ ಮನೆಮಾತು ಬಾರದಿದ್ದರೆ ಪದಗಳ ಪಟ್ಟಿ ನೀವೇ ಮಾಡಿಕೊಡಿ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಮೂರು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನ. ಆರು ತಿಂಗಳಾದ ಮೇಲೆ ಏನೂ ಆಗುವುದಿಲ್ಲ ಅನ್ನುವ ಮಾತು ಸರಿಯಲ್ಲ. ವರ್ಷಗಳ ನಂತರವೂ ಅಭ್ಯಾಸದಿಂದ ಹೊಸ ಪದ ಬಂದವರಿದ್ದಾರೆ. ಎಲ್ಲರಿಗೂ ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಅಂತಲೂ ಹೇಳಲಾಗದು. ಸರಿಯಾಗುತ್ತಿದ್ದ ಮಾತು ಇದ್ದಕ್ಕಿದ್ದಂತೆ ಮತ್ತೆ ಕೆಟ್ಟರೆ ಇನ್ನೊಂದು ಸ್ಟ್ರೋಕ್ ಅಂತಲೇ ತಿಳಿದು ಮೊದಲ ಹೆಜ್ಜೆಯಲ್ಲಿ ಹೇಳಿದಂತೆ ಹೊರಡಿ.

ಎಂಟನೇ ಹೆಜ್ಜೆ: ಕಾಗದಪತ್ರ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ಅಂಗವೈಕಲ್ಯವೂ ಒಂದು. ಅಲ್ಲಿ ಅಫೇಸಿಯಾ ಅಂತ ಹೆಸರು ಹಿಡಿದೇ ಹೇಳಿದ್ದಾರೆ. ಶಾಶ್ವತ ತೊಂದರೆಗೆ ಮಾತ್ರ ಇದು, ಹಾಗಾಗಿ ಸ್ಟ್ರೋಕ್ ಆದ ಮರುದಿನವೇ ಸರ್ಟಿಫಿಕೇಟ್ ಸಿಗುವುದಿಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟು ಅಂಗವೈಕಲ್ಯ ಇರಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು. (ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರು) ಸಹಾಯ ಮಾಡುತ್ತಾರೆ, ಅವರನ್ನು ಕೇಳಿ.

ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಅಂತ ಹಣ ತಡೆಯುವುದುಂಟು. ಸಹಿ ಹಾಕಲಾಗದ ರೋಗಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮ್ಯಾನೇಜರಿಗೆ ಇದನ್ನು ನೆನಪಿಸಿ.

ಜಮೀನು, ಪಾಲು, ಉಯಿಲಿನ ಕಾಗದಕ್ಕೆ ಆತುರದಲ್ಲಿ ಹೆಬ್ಬೆಟ್ಟು ಒತ್ತಿಸುವುದನ್ನು ನಾನು ಒಪ್ಪುವುದಿಲ್ಲ. ಮಾತು ಬಾರದವರಿಗೆ ಆಸ್ತಿ ವಿಷಯ ತಿಳಿಯುವುದಿಲ್ಲ ಅನ್ನುವುದು ಎಷ್ಟು ತಪ್ಪೋ, ತಲೆಯಾಡಿಸಿದ್ದನ್ನೇ ಒಪ್ಪಿಗೆ ಅನ್ನುವುದೂ ಅಷ್ಟೇ ತಪ್ಪು. ವಕೀಲರ ಎದುರು, ಬೇಕಾದರೆ ಥೆರಪಿಸ್ಟರನ್ನೂ ಕೂರಿಸಿ, ಚಿತ್ರ ಬರೆದು, ನಕ್ಷೆ ತೋರಿಸಿ, ಒಂದೊಂದಾಗಿ ಕೇಳಿ. ಬೇರೆ ಬೇರೆ ದಿನ ಕೇಳಿದರೂ ಅದೇ ಉತ್ತರ ಬರುತ್ತದಾ ನೋಡಿ.

ಒಂಬತ್ತನೇ ಹೆಜ್ಜೆ: ಜನರ ನಡುವೆ ಇರಿಸಿ

ಮಾತು ಹೋದವರ ಮನೆಗೆ ಜನ ಬರುವುದು ನಿಧಾನಕ್ಕೆ ಕಡಿಮೆಯಾಗುತ್ತದೆ. ಮುಜುಗರ ಅಷ್ಟೆ, ಬೇರೇನಲ್ಲ. ಅವರಿಗೆ ನೀವೇ ದಾರಿ ಹೇಳಿಕೊಡಿ. ಒಬ್ಬೊಬ್ಬರೇ ಬರಲಿ. ಇಸ್ಪೀಟು, ಚೆನ್ನೆಮಣೆ ಆಡಲಿ. ಆಟಕ್ಕೆ ಮಾತು ಜಾಸ್ತಿ ಬೇಡ. ಹಳೇ ಫೋಟೋ ನೋಡಲಿ. "ನಾನ್ಯಾರು ಹೇಳಿ ನೋಡೋಣ?" ಅಂತ ಮಾತ್ರ ಯಾರೂ ಕೇಳದಿರಲಿ. ಬಂದವರು ತಾವೇ ಹೆಸರು ಹೇಳಿಕೊಳ್ಳಲಿ. ಪ್ರಶ್ನೆ ಕೇಳಿದರೆ ಅವರನ್ನೇ ಕೇಳಲಿ, ಪಕ್ಕದಲ್ಲಿರುವ ನಿಮ್ಮನ್ನಲ್ಲ.

ಊಟ ಬಿಡುವುದು, ಗೋಡೆ ಕಡೆ ಮುಖ ಮಾಡಿ ಮಲಗುವುದು, ಅಭ್ಯಾಸಕ್ಕೆ ಏಳದಿರುವುದು ಕಂಡರೆ ಸೋಮಾರಿತನ ಅನ್ನಬೇಡಿ. ಸ್ಟ್ರೋಕ್ ಆದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ತಮಗೆ ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳಲಾಗದವರ ವಿಷಯದಲ್ಲಿ ನಾವೇ ಗಮನಿಸಬೇಕು. ಅದಕ್ಕೆ ಔಷಧಿ ಇದೆ, ಡಾಕ್ಟರಿಗೆ ಹೇಳಿ. ನೋಡಿಕೊಳ್ಳುವವರಿಗೂ ಇದೇ ಮಾತು. ದೊಡ್ಡಮ್ಮನಂಥವರು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ವಾರಕ್ಕೆ ಒಂದು ಮಧ್ಯಾಹ್ನ ಬೇರೆಯವರು ಕೂತು ಅವರನ್ನು ತವರಿಗೋ ದೇವಸ್ಥಾನಕ್ಕೋ ಕಳಿಸಿ.

ನಡೆಯಲು ಶುರು ಮಾಡಿದ ಮೇಲೆ ಪೇಟೆಗೆ, ಸಂತೆಗೆ ಹೋಗಲಿ. ಅಂಗಿ ಜೇಬಿನಲ್ಲಿ, ಹೆಂಗಸರಾದರೆ ಪರ್ಸಿನಲ್ಲಿ, ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಇರಲಿ. ಅದರಲ್ಲಿ ಹೀಗೆ ಬರೆಸಿ:

"ನನಗೆ ಸ್ಟ್ರೋಕ್ ಆಗಿದೆ. ಮಾತಾಡುವುದು ಕಷ್ಟ. ನಾನು ಕುಡಿದಿಲ್ಲ. ನೀವು ನಿಧಾನವಾಗಿ ಹೇಳಿದರೆ ನನಗೆ ಅರ್ಥವಾಗುತ್ತದೆ. ದಯವಿಟ್ಟು ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ."

ಹಿಂದುಗಡೆ ಮನೆಯವರ ಎರಡು ಫೋನ್ ನಂಬರ್, ಇಳಿಯಬೇಕಾದ ಸ್ಟಾಪಿನ ಹೆಸರು, ತೆಗೆದುಕೊಳ್ಳುತ್ತಿರುವ ಬಿಪಿ, ಶುಗರ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರು ಇರಲಿ. ಮಾತ್ರೆ ಬದಲಾದಾಗಲೆಲ್ಲ ಕಾರ್ಡನ್ನೂ ಬದಲಿಸಿ.